ಮೀನಿನ ಪಿಟ್ಯೂಟರಿ ಕೋಶ ಗುರುತಿಸಲು ಯಾವ ಬಣ್ಣ?

ಮೂಳೆಮೀನುಗಳ ಪಿಟ್ಯೂಟರಿಯಲ್ಲಿ (ಮಿದುಳಿನ ಕೆಳಗಿರುವ ಹಾರ್ಮೋನು ಗ್ರಂಥಿ) ಒಂದು ದೊಡ್ಡ ಅನುಕೂಲ ಇದೆ. ಕೋಶಗಳು ಸಿಕ್ಕಲ್ಲಿ ಬೆರೆತಿರುವುದಿಲ್ಲ, ಬಹುಮಟ್ಟಿಗೆ ತಮ್ಮ ವಲಯದಲ್ಲೇ ಇರುತ್ತವೆ. ಮುಂದುಗಡೆ ಪ್ರೊಲ್ಯಾಕ್ಟಿನ್ ಮತ್ತು ಎಸಿಟಿಎಚ್ (ಕಾರ್ಟಿಸಾಲ್ ಸ್ರವಿಸುವಂತೆ ಮಾಡುವ ಹಾರ್ಮೋನು) ಕೋಶಗಳು. ನಡುವೆ ಬೆಳವಣಿಗೆ ಹಾರ್ಮೋನು, ಸಂತಾನೋತ್ಪತ್ತಿಯ ಎಫ್‌ಎಸ್‌ಎಚ್ ಮತ್ತು ಎಲ್‌ಎಚ್, ಥೈರಾಯ್ಡನ್ನು ಪ್ರಚೋದಿಸುವ ಟಿಎಸ್‌ಎಚ್. ಹಿಂದೆ ಚರ್ಮದ ಬಣ್ಣಕ್ಕೆ ಸಂಬಂಧಿಸಿದ ಎಂಎಸ್‌ಎಚ್ ಮತ್ತು ಮೀನುಗಳ ಹಾರ್ಮೋನಾದ ಸೊಮ್ಯಾಟೊಲ್ಯಾಕ್ಟಿನ್. ಸೆಕ್ಷನ್ (ಗ್ರಂಥಿಯ ತೆಳು ಸೀಳು) ನಡುಗೆರೆಯಲ್ಲಿ ಉದ್ದಕ್ಕೆ ಬಂದಿದ್ದರೆ ಅರ್ಧ ಉತ್ತರ ಜಾಗದಿಂದಲೇ ಸಿಗುತ್ತದೆ. ಉಳಿದರ್ಧಕ್ಕೆ ತಿಲಾಪಿಯಾದಲ್ಲಿ ಮೂರು ವಿಧಾನ ಮಾಡಿ ನೋಡಿದೆ.

ನನಗೆ ಅತಿ ಇಷ್ಟವಾದದ್ದು ಪಿಎಎಸ್ (ಪರ್‌ಅಯೋಡಿಕ್ ಆಮ್ಲ-ಶಿಫ್) ಜೊತೆ ಆರೆಂಜ್ ಜಿ ಬಣ್ಣ. ಪರ್‌ಅಯೋಡಿಕ್ ಆಮ್ಲ ಸಕ್ಕರೆಯ ಉಂಗುರವನ್ನು ತೆರೆಯುತ್ತದೆ, ಶಿಫ್ ದ್ರಾವಣ ಅಲ್ಲಿ ಕಡುಗುಲಾಬಿ ಬಣ್ಣ ಕೊಡುತ್ತದೆ. ಎಫ್‌ಎಸ್‌ಎಚ್, ಎಲ್‌ಎಚ್, ಟಿಎಸ್‌ಎಚ್ ಮೂರೂ ಗ್ಲೈಕೊಪ್ರೋಟೀನ್‌ಗಳು (ಸಕ್ಕರೆ ಅಂಟಿದ ಪ್ರೋಟೀನ್‌ಗಳು), ಹಾಗಾಗಿ ಅವುಗಳ ಕೋಶಗಳು ಗುಲಾಬಿ. ಬೆಳವಣಿಗೆ ಹಾರ್ಮೋನಿನವು ಕಿತ್ತಳೆ. ಕೆಡದಂತೆ ಬೌಯಿನ್ ದ್ರಾವಣದಲ್ಲಿಟ್ಟ ಗ್ರಂಥಿಯಲ್ಲಿ ಈ ಎರಡು ಬಣ್ಣ ಎಷ್ಟು ಚೆನ್ನಾಗಿ ಬೇರೆಯಾಗುತ್ತವೆ ಅಂದರೆ, ಇಡೀ ನಕ್ಷೆ ಒಂದೇ ಸ್ಲೈಡಿನಲ್ಲಿ ಕಾಣುತ್ತದೆ. ಆದರೆ ಗುಲಾಬಿ ಕೋಶ ಆ ಮೂರರಲ್ಲಿ ಯಾವುದು ಅಂತ ಇದು ಹೇಳುವುದಿಲ್ಲ. ಇನ್ನೊಂದು ಎಚ್ಚರಿಕೆ: ತಿಲಾಪಿಯಾದ ಹಿಂಭಾಗದಲ್ಲಿ ಸೊಮ್ಯಾಟೊಲ್ಯಾಕ್ಟಿನ್ ಕೋಶಗಳೂ ಗುಲಾಬಿಯಾಗುತ್ತವೆ, ಟ್ರೌಟ್‌ನಲ್ಲಿ ಆಗುವುದಿಲ್ಲ. ಒಂದು ಮೀನಿನ ಬಣ್ಣವನ್ನು ಇನ್ನೊಂದಕ್ಕೆ ಸುಮ್ನೆ ಅನ್ವಯಿಸಬಾರದು.

ಎರಡನೆಯ ಬಣ್ಣ ಲೆಡ್ ಹೆಮಟಾಕ್ಸಿಲಿನ್, ಅದರ ಕೆಲಸ ಚಿಕ್ಕದು. ಎಸಿಟಿಎಚ್, ಎಂಎಸ್‌ಎಚ್ ಕೋಶಗಳು ನೀಲಿಗಪ್ಪಾಗುತ್ತವೆ. ಮುಂದೆ ಇದ್ದರೆ ಮೊದಲನೆಯದು, ಹಿಂದೆ ಇದ್ದರೆ ಎರಡನೆಯದು.

ಹಾರ್ಮೋನನ್ನೇ ಗುರುತಿಸುವುದು ಮೂರನೆಯ ವಿಧಾನ, ಆಂಟಿಬಾಡಿ: ಅದು ತನ್ನ ಹಾರ್ಮೋನಿಗೆ ಅಂಟಿಕೊಂಡ ಕಡೆ ಕಂದು ಬಣ್ಣ ಬರುತ್ತದೆ. ಆದರೆ ಅದನ್ನೂ ಕಣ್ಣುಮುಚ್ಚಿ ನಂಬುವ ಹಾಗಿಲ್ಲ. ಆಲ್ಫಾ ಎಂಎಸ್‌ಎಚ್ ಅಂದರೆ ಎಸಿಟಿಎಚ್‌ನ ಮೊದಲ 13 ಅಮೈನೊ ಆಮ್ಲಗಳ ತುಣುಕೇ. ಹಾಗಾಗಿ ಎಸಿಟಿಎಚ್ ಆಂಟಿಬಾಡಿ ಹಿಂಭಾಗವನ್ನೂ ಕಂದು ಮಾಡಬಹುದು. ಗುಲಾಬಿ ಗುಂಪಿನ ಮೂರು ಹಾರ್ಮೋನುಗಳಿಗೂ ಆಲ್ಫಾ ಭಾಗ ಒಂದೇ, ಒಂದೊಂದಕ್ಕೂ ಬೇರೆಯಾಗಿರುವುದು ಬೀಟಾ ಭಾಗ, ಆದ್ದರಿಂದ ಅದರ ಆಂಟಿಬಾಡಿಯೇ ಬೇಕು. ಸಸ್ತನಿಗಳ ಹಾರ್ಮೋನಿಗೆ ಮಾಡಿದ್ದು ಮೀನಿನಲ್ಲಿ ಹಿಡಿಯದೇ ಇರುವುದೂ ಉಂಟು. ಆಂಟಿಬಾಡಿಯನ್ನು ಮೊದಲೇ ಅದರ ಹಾರ್ಮೋನಿನ ಜೊತೆ ಬೆರೆಸಿ ಹಾಕಿದಾಗ ಬಣ್ಣ ಮಾಯವಾಗಬೇಕು. ಆ ಪರೀಕ್ಷೆ ಇಲ್ಲದ ಸ್ಲೈಡನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಒಂದನ್ನೇ ಆರಿಸಬೇಕಾದರೆ, ಹೊಸ ಜಾತಿಯ ಮೀನಿಗೆ ನನ್ನ ಆಯ್ಕೆ ಪಿಎಎಸ್. ಎಫ್‌ಎಸ್‌ಎಚ್ ಮತ್ತು ಎಲ್‌ಎಚ್ ಬೇರೆ ಮಾಡುವ ಪ್ರಶ್ನೆ ಬಂದರೆ ಮಾತ್ರ ಆಂಟಿಬಾಡಿಯೇ ಸರಿ. ಎರಡಕ್ಕೂ ಅವಕಾಶ ಇದ್ದರೆ 4-5 ಮೈಕ್ರಾನ್‌ನ ಅಕ್ಕಪಕ್ಕದ ಸೆಕ್ಷನ್‌ಗಳನ್ನು ಬೇರೆ ಬೇರೆ ಸ್ಲೈಡಿಗೆ ಹಾಕಿ. ಒಂದಕ್ಕೆ ಪಿಎಎಸ್, ಪಕ್ಕದ್ದಕ್ಕೆ ಆಂಟಿಬಾಡಿ. ಎಷ್ಟೋ ಕೋಶಗಳು ಎರಡರಲ್ಲೂ ಸಿಗುತ್ತವೆ.