ಹತ್ತು ಚಳಿಗಾಲ ಹಾಕಿದ ಹ್ಯಾರಿಸ್ ಟ್ವೀಡ್ ಕೋಟು

ಹ್ಯಾರಿಸ್ ಟ್ವೀಡ್ ಅಂದರೆ ಸ್ಕಾಟ್ಲೆಂಡಿನ ದ್ವೀಪಗಳಲ್ಲಿ ಕೈಯಾರೆ ನೇಯುವ ದಪ್ಪ ಉಣ್ಣೆ ಬಟ್ಟೆ. ಅದರದೊಂದು ಕೋಟು ನನ್ನ ಹತ್ತಿರ ಇದೆ. ಈ ಕೋಟಿನಲ್ಲಿ ಏನೇನು ಕೆಟ್ಟಿತು ಅಂತ ಮೊದಲೇ ಹೇಳಿಬಿಡುತ್ತೇನೆ. ಒಳಗಿನ ಅಸ್ತರು ಹರಿಯಿತು. ಎರಡು ಗುಂಡಿ ಉದುರಿದವು. ಬಲಗಡೆ ಜೇಬಿನ ಒಳಚೀಲ ತೂತಾಯಿತು. ಒಂದು ಬೇಸಿಗೆ ನಾನು ಅಸಡ್ಡೆ ಮಾಡಿದ್ದಕ್ಕೆ ನುಸಿ ನಾಲ್ಕು ಕಡೆ ತಿಂದಿತು. ಉಣ್ಣೆ ಬಟ್ಟೆ ತಾನಾಗಿ ಸವೆದದ್ದು ಮಾತ್ರ ಹತ್ತು ಚಳಿಗಾಲದಲ್ಲಿ ಒಂದೇ ಕಡೆ, ಎಡ ತೋಳಿನ ಅಂಚಿನಲ್ಲಿ, ಒಂದು ಬೆರಳಿನ ಅಗಲದಷ್ಟು. ಇಷ್ಟು ಮಳೆ ಕಂಡು, ಬಸ್ಸು ರೈಲಿನ ಸೀಟಿಗೆ ಇಷ್ಟು ಉಜ್ಜಿಕೊಂಡು ಉಳಿದ ಬೇರೆ ಬಟ್ಟೆ ನನ್ನ ಹತ್ತಿರ ಇಲ್ಲ.

ನಾನಿರುವುದು ಗ್ಲಾಸ್ಗೋದಲ್ಲಿ. 2015ರ ಅಕ್ಟೋಬರಿನಲ್ಲಿ ಇಲ್ಲಿನ ಒಂದು ಅಂಗಡಿಯಲ್ಲಿ 260 ಪೌಂಡ್ ಕೊಟ್ಟು ಕೊಂಡೆ. ಕಂದು ಬಣ್ಣ, ಹೆರಿಂಗ್‌ಬೋನ್ ನೇಯ್ಗೆ. ಮೀನಿನ ಮುಳ್ಳಿನ ಹಾಗೆ ಗೆರೆಗಳು ಓರೆಯಾಗಿ ಕೂಡುತ್ತವಲ್ಲ, ಅದು. ಆಗ ಆ ದುಡ್ಡು ನನಗೆ ಜಾಸ್ತಿಯೇ ಆಗಿತ್ತು. ಆದರೆ ಅದಕ್ಕೂ ಮುಂಚೆ ಮೂರು ವರ್ಷದಲ್ಲಿ ಎರಡು ಅಗ್ಗದ ಜಾಕೆಟ್ ಬಿಸಾಡಿದ್ದೆ. ಒಂದರ ಜಿಪ್ ಹೋಯಿತು, ಇನ್ನೊಂದರ ಒಳಗಿನ ತುಂಬು ಗಂಟು ಗಂಟಾಯಿತು. ಎರಡನ್ನೂ ರಿಪೇರಿ ಮಾಡುವುದಕ್ಕೆ ಯಾರೂ ಒಪ್ಪಲಿಲ್ಲ.

ಮೊದಲ ಎರಡು ತಿಂಗಳು ಕಷ್ಟ. ಭುಜ ಬಿಗಿ, ತೋಳು ಮಡಿಸಿದರೆ ರಟ್ಟಿನ ಹಾಗೆ ನಿಲ್ಲುತ್ತಿತ್ತು. ಕುತ್ತಿಗೆಗೆ ಚುಚ್ಚುತ್ತಿತ್ತು. ಮೆರಿನೊ ಕುರಿಯ ನಯವಾದ ಉಣ್ಣೆಯ ಸ್ವೆಟರಿನ ಮೃದುತನ ನಿರೀಕ್ಷಿಸಿ ಇದನ್ನು ಕೊಳ್ಳಬೇಡಿ. ಇದರ ಎಳೆಯೇ ದಪ್ಪ. ಕಂಬಳಿಯಲ್ಲಿ ಊಟಕ್ಕೆ ಕೂತು ಕೂದಲು ಬಂತು ಅನ್ನಬಾರದು ಅಂತಾರಲ್ಲ, ಹಾಗೆ. ಕಾಲರ್ ಇರುವ ಹತ್ತಿ ಅಂಗಿ ಹಾಕಿದರೆ ಚುಚ್ಚುವುದು ನಿಲ್ಲುತ್ತದೆ. ಮೂರನೇ ಚಳಿಗಾಲದ ಹೊತ್ತಿಗೆ ಮೊಣಕೈ ಹತ್ತಿರ ಬಟ್ಟೆ ನನ್ನ ಕೈ ಮಡಚುವ ರೀತಿಗೇ ಬಗ್ಗಿತು. ಈಗ ಹ್ಯಾಂಗರಿನಲ್ಲಿ ನೇತು ಹಾಕಿದಾಗಲೂ ತೋಳು ಸ್ವಲ್ಪ ಬಾಗಿಯೇ ಇರುತ್ತದೆ. ನನಗೆ ಅದನ್ನು ನೋಡಿದರೆ ಖುಷಿ.

ಇಲ್ಲಿನ ಹವಾಮಾನಕ್ಕೆ ಇದು ಹೇಗೆ ಅಂದರೆ, 5ರಿಂದ 12 ಡಿಗ್ರಿ, ಸಣ್ಣ ಸೋನೆ, ಮೇಲೆ ಗಾಳಿ. ಇದಕ್ಕೆ ಹೇಳಿ ಮಾಡಿಸಿದ್ದು. ಗ್ಲಾಸ್ಗೋದಲ್ಲಿ ವರ್ಷದ ಅರ್ಧ ಹೀಗೇ ಇರುತ್ತದೆ. ಸೊನ್ನೆಗೆ ಇಳಿದರೆ ಒಳಗೊಂದು ಸ್ವೆಟರ್ ಬೇಕು. ಜೋರು ಮಳೆಗೆ ಸಾಲದು, ಇಪ್ಪತ್ತು ನಿಮಿಷದಲ್ಲಿ ಭುಜ ತೊಯ್ದು ಭಾರವಾಗುತ್ತದೆ. ಆದರೆ ತೊಯ್ದರೂ ಚಳಿ ಹಿಡಿಸುವುದಿಲ್ಲ. ಉಣ್ಣೆ ತನ್ನ ತೂಕದ ಸುಮಾರು 30 ಶೇಕಡಾದಷ್ಟು ತೇವವನ್ನು ಎಳೆಯೊಳಗೇ ಹೀರಿಕೊಳ್ಳುತ್ತದೆ, ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ. ಹೀರುವಾಗ ಸ್ವಲ್ಪ ಶಾಖವನ್ನೂ ಬಿಡುತ್ತದೆ. ಎಳೆ ಗುಂಗುರಾಗಿರುವುದರಿಂದ ಮಧ್ಯೆ ಗಾಳಿ ಸಿಕ್ಕಿಕೊಂಡು ಬೆಚ್ಚಗೆ ಇರುತ್ತದೆ. ಕಷ್ಟ ಬರುವುದು ಹೀಟರ್ ಹಾಕಿದ ಬಸ್ಸಿನಲ್ಲಿ. ಅಲ್ಲಿ ಐದು ನಿಮಿಷಕ್ಕೆ ಬೆವರು ಬಂದು ತೆಗೆದು ತೊಡೆ ಮೇಲೆ ಇಟ್ಟುಕೊಳ್ಳಬೇಕು.

2017ರಲ್ಲಿ ಅಮ್ಮ ಇಲ್ಲಿಗೆ ಬಂದಿದ್ದರು. ಒಂದು ಸಂಜೆ ನಾನು ತೊಯ್ದು ಬಂದು ಕೋಟನ್ನು ಕುರ್ಚಿ ಮೇಲೆ ಹರವಿದೆ. ಅಮ್ಮ ಅದನ್ನು ಎತ್ತಿ ಮೂಗಿಗೆ ಹಿಡಿದರು. "ಇದು ನಿಮ್ಮಜ್ಜನ ಕಂಬಳಿ ವಾಸನೆ ಕಣೋ" ಅಂದರು. ನಮ್ಮದು ಚಳ್ಳಕೆರೆ ಕಡೆ. ಅಲ್ಲಿ ಕುರುಬರು ದಖ್ಖನಿ ಕುರಿಯ ಕಪ್ಪು ಉಣ್ಣೆಯಲ್ಲಿ ಕಂಬಳಿ ನೇಯುತ್ತಾರೆ, ನೂಲಿಗೆ ಹುಣಸೆ ಬೀಜದ ಗಂಜಿ ಹಾಕುತ್ತಾರೆ. ಮಳೆ ಬಂದರೆ ಅಜ್ಜ ಅದನ್ನೇ ಕೊಪ್ಪೆ ಮಾಡಿ ತಲೆ ಮೇಲೆ ಹಾಕಿಕೊಂಡು ಹೊಲಕ್ಕೆ ಹೋಗುತ್ತಿದ್ದರು. ಅವತ್ತಿನಿಂದ ಈ ಬಟ್ಟೆ ಎಲ್ಲಿ ಹುಟ್ಟುತ್ತದೆ ಅಂತ ನೋಡಲೇಬೇಕು ಅನ್ನಿಸಿತು.

ನೋಡಿದ್ದು 2019ರ ಮೇ ತಿಂಗಳಲ್ಲಿ. ಸ್ಕಾಟ್ಲೆಂಡಿನ ವಾಯವ್ಯಕ್ಕೆ ಔಟರ್ ಹೆಬ್ರಿಡೀಸ್ ಅಂತ ದ್ವೀಪಗಳ ಸಾಲಿದೆ. ಲೂಯಿಸ್ ಮತ್ತು ಹ್ಯಾರಿಸ್ ಬೇರೆ ಬೇರೆ ಹೆಸರು, ಆದರೆ ನೆಲ ಒಂದೇ. ಉಲ್ಲಾಪೂಲ್‌ನಿಂದ ಹಡಗು ಹತ್ತಿ ಎರಡೂವರೆ ಗಂಟೆಗೂ ಹೆಚ್ಚು ಹೊತ್ತು ಹೋದರೆ ಸ್ಟೋರ್ನೊವೆ. ಮರಗಳು ಕಡಿಮೆ, ಕಲ್ಲು, ಕಪ್ಪು ಜೌಗು ನೆಲ, ಎಲ್ಲಿ ನೋಡಿದರೂ ಕುರಿ. ಒಬ್ಬ ನೇಕಾರರ ಮನೆ ಹಿಂದಿನ ತಗಡಿನ ಶೆಡ್ಡಿಗೆ ಹೋದೆವು. ದೂರದಿಂದಲೇ ಮಗ್ಗದ ಲಟಪಟ ಕೇಳುತ್ತಿತ್ತು. ಅದು ಯಾರ್ಕ್‌ಶೈರಿನ ಕೀತ್ಲಿ ಊರಿನ ಹ್ಯಾಟರ್ಸ್ಲಿ ಕಂಪನಿ ಮಾಡಿದ ಹಳೇ ಕಬ್ಬಿಣದ ಮಗ್ಗ. ಕರೆಂಟ್ ಇಲ್ಲ. ಎರಡು ಕಾಲಲ್ಲೂ ತುಳಿಯಬೇಕು. ತುಳಿದಷ್ಟು ಹೊತ್ತು ಲಾಳಿ ಓಡುತ್ತದೆ, ನಿಲ್ಲಿಸಿದರೆ ನಿಲ್ಲುತ್ತದೆ. ಇದರಲ್ಲಿ ಬರುವುದು 75 ಸೆಂಟಿಮೀಟರ್ ಅಗಲದ ಬಟ್ಟೆ. ಈಗ ಎರಡರಷ್ಟು ಅಗಲದ ಹೊಸ ಮಗ್ಗಗಳೂ ಬಂದಿವೆ, ಅವನ್ನೂ ಸೈಕಲ್ ತುಳಿದ ಹಾಗೆ ತುಳಿಯಬೇಕು.

ಇದೆಲ್ಲ ಸುಮ್ನೆ ಹಳೇ ಕಾಲದ ಶೋಕಿಗೆ ಅಲ್ಲ. ಕಾನೂನೇ ಹಾಗಿದೆ. 1993ರ ಹ್ಯಾರಿಸ್ ಟ್ವೀಡ್ ಕಾಯ್ದೆ ಅಂತ ಬ್ರಿಟಿಷ್ ಸಂಸತ್ತು ಒಂದು ಬಟ್ಟೆಗಾಗಿಯೇ ಕಾಯ್ದೆ ಮಾಡಿದೆ. ಉಣ್ಣೆ ಹೊಸದಾಗಿರಬೇಕು, ಶುದ್ಧವಾಗಿರಬೇಕು. ಬಣ್ಣ ಹಾಕುವುದು, ನೂಲುವುದು, ಕೊನೆಯ ಹದ ಮಾಡುವುದು ಈ ದ್ವೀಪಗಳಲ್ಲೇ ಆಗಬೇಕು. ನೇಯುವುದು ದ್ವೀಪದವರೇ, ತಮ್ಮ ಮನೆಯಲ್ಲಿ, ಕೈಯಾರೆ. ಕುರಿ ಮಾತ್ರ ದ್ವೀಪದ್ದೇ ಆಗಬೇಕು ಅಂತ ಇಲ್ಲ. ಅಲ್ಲಿನ ಕುರಿಗಳ ಉಣ್ಣೆ ಅಷ್ಟಕ್ಕೆಲ್ಲ ಸಾಲುವುದಿಲ್ಲ, ಮುಖ್ಯಭೂಮಿಯ ಶೆವಿಯಟ್, ಬ್ಲ್ಯಾಕ್‌ಫೇಸ್ ಕುರಿಗಳದ್ದೂ ಬರುತ್ತದೆ. 1840ರ ದಶಕದಲ್ಲಿ ಹ್ಯಾರಿಸ್ ಜಮೀನಿನ ಒಡತಿ ಡನ್ಮೋರ್ ಕೌಂಟೆಸ್ ಈ ಬಟ್ಟೆಯನ್ನು ತನ್ನ ಶ್ರೀಮಂತ ಗೆಳೆಯರಿಗೆ ಪರಿಚಯ ಮಾಡಿಸಿ ಮಾರುಕಟ್ಟೆ ಹುಡುಕಿದಳು. ಹೆಸರು ಬಂದಮೇಲೆ ನಕಲಿಯೂ ಬಂತು. ಅದಕ್ಕೇ 1909ರಲ್ಲಿ ಸಂಘ ಕಟ್ಟಿ, 1911ರಿಂದ ಬಟ್ಟೆಗೆ ಮುದ್ರೆ ಒತ್ತುವುದು ಶುರು ಮಾಡಿದರು. ಗೋಳದ ಮೇಲೊಂದು ಶಿಲುಬೆ. ನನ್ನ ಕೋಟಿನ ಒಳಜೇಬಿನ ಪಟ್ಟಿಯಲ್ಲೂ ಅದೇ ಇದೆ, ಪಕ್ಕದಲ್ಲಿ ಒಂದು ನಂಬರ್.

ಶೆಡ್ಡಿನಲ್ಲಿ ನೇಕಾರರು ಒಂದು ಉಂಡೆ ನೂಲು ಬಿಚ್ಚಿ ಕಿಟಕಿ ಬೆಳಕಿಗೆ ಹಿಡಿದರು. ದೂರದಿಂದ ಕಂದು. ಹತ್ತಿರದಿಂದ ನೋಡಿದರೆ ಹಳದಿ, ನೇರಳೆ, ಕಿತ್ತಳೆ, ಪಾಚಿ ಹಸಿರು, ಎಲ್ಲ ಒಟ್ಟಿಗೇ ಹೊಸೆದುಕೊಂಡಿವೆ. ನೂಲಿಗೆ ಬಣ್ಣ ಹಾಕುವುದಲ್ಲ ಇಲ್ಲಿ. ನೂಲುವುದಕ್ಕೂ ಮುಂಚೆ ಉಣ್ಣೆಗೇ ಬಣ್ಣ ಹಾಕಿ, ಬೇರೆ ಬೇರೆ ಬಣ್ಣದ ಉಣ್ಣೆ ಬೆರೆಸಿ ಆಮೇಲೆ ನೂಲುತ್ತಾರೆ. ಹಿಂದೆ ಬಂಡೆ ಮೇಲಿನ ಕಲ್ಲುಹೂವು ಕೆರೆದು ಕುದಿಸಿ ಕೆಂಗಂದು ಬಣ್ಣ ತೆಗೆಯುತ್ತಿದ್ದರಂತೆ. ನಾಲ್ಕು ವರ್ಷ ಹಾಕಿಕೊಂಡು ತಿರುಗಿದ್ದ ಕೋಟನ್ನು ಅವತ್ತು ಮೊದಲ ಸಲ ಸರಿಯಾಗಿ ನೋಡಿದೆ. ಹೊರಗೆ ಬಂದು ಬೆಟ್ಟದ ಕಡೆ ನೋಡಿದರೆ ಅದೇ ಬಣ್ಣಗಳು.

ಮಗ್ಗದಿಂದ ಇಳಿದ ಬಟ್ಟೆ ಎಣ್ಣೆ ಜಿಡ್ಡಾಗಿ, ಒರಟಾಗಿ ಇರುತ್ತದೆ. ಅದು ನೂಲು ಕೊಟ್ಟ ಗಿರಣಿಗೆ ವಾಪಸ್ ಹೋಗಿ, ತೊಳೆದು, ಬಡಿದು, ದಟ್ಟವಾಗಿ ಬರುತ್ತದೆ. ಗಿರಣಿ ಇಲ್ಲದ ಕಾಲದಲ್ಲಿ ಹೆಂಗಸರು ಹಲಗೆಯ ಸುತ್ತ ಕೂತು ಒದ್ದೆ ಬಟ್ಟೆಯನ್ನು ಬಡಿಯುತ್ತಾ ಅಲ್ಲಿನ ಗೇಲಿಕ್ ಭಾಷೆಯಲ್ಲಿ ಹಾಡುತ್ತಿದ್ದರು. ಒಬ್ಬಳು ಎತ್ತಿಕೊಡುವುದು, ಉಳಿದವರು ಸೊಲ್ಲು ಹಿಡಿಯುವುದು. ನಮ್ಮ ಬೀಸೋ ಪದದ ಹಾಗೇ ಅಲ್ವಾ? ಎಳೆಗಳು ಒಂದಕ್ಕೊಂದು ಕಚ್ಚಿಕೊಳ್ಳುವುದು ಈ ಬಡಿತದಲ್ಲೇ. ನನ್ನ ಕೋಟು ಸವೆಯದೇ ನಿಂತಿರುವುದಕ್ಕೆ ಇದೇ ದೊಡ್ಡ ಕಾರಣ ಅಂತ ನಾನು ನಂಬುತ್ತೇನೆ.

ಇನ್ನು ಹೊಲಿಗೆಯ ಮಾದರಿ. ಬ್ರಿಟಿಷ್ ಕೋಟಿನಲ್ಲಿ ಅಲಂಕಾರ ಅಂತ ಕಾಣುವುದೆಲ್ಲ ಒಂದು ಕಾಲದಲ್ಲಿ ಕೆಲಸಕ್ಕೆ ಬಂದದ್ದು. ಬೆನ್ನಿನ ಕೆಳಗಿನ ಸೀಳು ಕುದುರೆ ಮೇಲೆ ಕೂರುವುದಕ್ಕೆ. ಓರೆ ಜೇಬು ಕೂಡ ಸವಾರಿಗೇ. ನನಗೆ ಇಷ್ಟವಾದದ್ದು ಕಾಲರಿನ ಕೆಳಗೆ ಅಡಗಿರುವ ಸಣ್ಣ ಪಟ್ಟಿ. ಗಾಳಿ ಬೀಸಿದಾಗ ಕಾಲರ್ ಮೇಲೆತ್ತಿ, ಆ ಪಟ್ಟಿ ಎಳೆದು ಎದುರಿನ ಗುಂಡಿಗೆ ಹಾಕಿದರೆ ಗಂಟಲು ಪೂರ್ತಿ ಮುಚ್ಚುತ್ತದೆ. ಲ್ಯಾಪೆಲ್, ಅಂದರೆ ಎದೆ ಮೇಲೆ ಹೊರಕ್ಕೆ ಮಡಚಿದ ಭಾಗ, ಅದರ ಮೇಲಿನ ಕಾಜ ಹೂ ಸಿಕ್ಕಿಸುವುದಕ್ಕೆ ಅಂತ ನಾನು ತಿಳಿದಿದ್ದೆ. ಕ್ಲೈಡ್ ನದಿ ದಂಡೆಯ ಗಾಳಿಗೆ ಸಿಕ್ಕಿದಾಗ ಗೊತ್ತಾಯಿತು, ಅದೂ ಕಾಲರ್ ಮುಚ್ಚುವುದಕ್ಕೆ ಇದ್ದದ್ದು. ಈಗಿನ ಎಷ್ಟೋ ಕೋಟುಗಳಲ್ಲಿ ಕಾಜ ಕೊಯ್ಯದೇ ಬರೀ ದಾರ ಎಳೆದಿರುತ್ತಾರೆ. ಅದು ನನಗೆ ಬೇಸರ.

ಇಲ್ಲೇ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಆ ಗೋಳದ ಮುದ್ರೆ ಬಟ್ಟೆಗೆ ಮಾತ್ರ ಖಾತ್ರಿ. ಹೊಲಿಗೆಗೆ ಅಲ್ಲ, ಅಸ್ತರಿಗೆ ಅಲ್ಲ, ಗುಂಡಿಗೂ ಅಲ್ಲ. ಬಟ್ಟೆ ಕೊಂಡು ಯಾರು ಎಲ್ಲಿ ಬೇಕಾದರೂ ಕೋಟು ಹೊಲಿಯಬಹುದು. ನನ್ನ ಕೋಟು ಹೊಲಿದವರು ಅಗ್ಗದ ಪಾಲಿಯೆಸ್ಟರ್ ಅಸ್ತರು ಹಾಕಿದ್ದರು. 2018ರಲ್ಲಿ ಕಂಕುಳ ಹತ್ತಿರ ಪರ್ ಅಂತ ಹರಿಯಿತು. 90 ಪೌಂಡ್ ಕೊಟ್ಟು ವಿಸ್ಕೋಸ್ ಅಸ್ತರು ಹಾಕಿಸಿದೆ, ಮರದ ತಿರುಳಿನಿಂದ ಮಾಡುವ ನಯವಾದ ಬಟ್ಟೆ ಅದು. ಬೆವರು ಕಡಿಮೆಯಾಯಿತು, ತೋಳು ಜಾರಿ ಒಳಗೆ ಹೋಗುತ್ತದೆ. ಮೊದಲೇ ಹೀಗೆ ಮಾಡಿದ್ದರೆ ಅಂತ ಸಿಟ್ಟು ಬಂತು. ಇಂಥ ಬಟ್ಟೆಗೆ ಅಂಥ ಅಸ್ತರು ಹಾಕುವುದು ತಪ್ಪು. ಕೊಳ್ಳುವಾಗ ಒಳಗೆ ತಿರುಗಿಸಿ ನೋಡಿ, ಅಸ್ತರು ಏನು ಅಂತ ಕೇಳಿ.

ನುಸಿಯ ಕಥೆ 2020ರದ್ದು. ಮಾರ್ಚಿನಿಂದ ಮನೆಯಲ್ಲೇ ಕೂತೆವು, ಕೋಟು ಅಲ್ಮೇರಾದಲ್ಲೇ ಉಳಿಯಿತು. ಬ್ರಷ್ ಮಾಡಿರಲಿಲ್ಲ, ಕಾಲರಿನಲ್ಲಿ ಬೆವರಿತ್ತು. ಸೆಪ್ಟೆಂಬರಿನಲ್ಲಿ ತೆಗೆದರೆ ಕಾಲರಿನ ಕೆಳಗೆ, ಬೆನ್ನಲ್ಲಿ ನಾಲ್ಕು ತೂತು. ಎದೆ ಧಸಕ್ಕೆಂದಿತು. ಹಾರಾಡುವ ಪತಂಗ ಬಟ್ಟೆ ತಿನ್ನುವುದಿಲ್ಲ, ತಿನ್ನುವುದು ಅದರ ಮರಿಹುಳು. ಕತ್ತಲು, ಅಲುಗದ ಜಾಗ, ಬೆವರಿನ ಕಲೆ, ಈ ಮೂರೂ ಅದಕ್ಕೆ ಇಷ್ಟ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎರಡು ವಾರ ಫ್ರೀಜರಿನಲ್ಲಿ ಇಟ್ಟೆ, ಆಮೇಲೆ ರಫು ಮಾಡಿಸಿದೆ. ಹಲವು ಬಣ್ಣದ ನೂಲು ಇರುವುದರಿಂದ ರಫು ಎಲ್ಲಿದೆ ಅಂತ ಹುಡುಕಿದರೂ ಬೇಗ ಸಿಗುವುದಿಲ್ಲ.

ಅದಾದ ಮೇಲೆ ನನ್ನ ಪಾಠ ಇಷ್ಟೇ. ಹಾಕಿ ಬಂದ ದಿನ ಕುದುರೆ ಕೂದಲಿನ ಬ್ರಷ್‌ನಲ್ಲಿ ಎರಡು ನಿಮಿಷ ಉಜ್ಜುತ್ತೇನೆ. ಅಗಲ ಭುಜದ ಮರದ ಹ್ಯಾಂಗರ್. ಒಂದು ದಿನ ಹಾಕಿದರೆ ಒಂದು ದಿನ ಬಿಡುವು. ತೊಯ್ದರೆ ಹೀಟರಿನಿಂದ ದೂರ, ಗಾಳಿಯಲ್ಲಿ. ಬಿಸಿಲು ಕಂಡ ದಿನ ಕಿಟಕಿ ಹತ್ತಿರ. ನುಸಿ ಗುಳಿಗೆ ಹಾಕಬೇಡಿ, ಆ ವಾಸನೆ ಉಣ್ಣೆಯಿಂದ ಬಿಡುವುದಿಲ್ಲ. ಡ್ರೈ ಕ್ಲೀನಿಂಗ್‌ಗೆ ಹತ್ತು ವರ್ಷದಲ್ಲಿ ಎರಡೇ ಸಲ ಕೊಟ್ಟಿದ್ದೇನೆ. ಎರಡನೇ ಸಲ ಲ್ಯಾಪೆಲ್ಲನ್ನು ಕಾಗದದ ಹಾಗೆ ಚಪ್ಪಟೆ ಇಸ್ತ್ರಿ ಮಾಡಿ ಕೊಟ್ಟರು. ಬಾತ್‌ರೂಮಿನ ಹಬೆಯಲ್ಲಿ ಎರಡು ರಾತ್ರಿ ನೇತು ಹಾಕಿದ ಮೇಲೆ ಮತ್ತೆ ದುಂಡಗೆ ಬಂತು. ಕಲೆ ಆದರೆ ಒದ್ದೆ ಬಟ್ಟೆಯಲ್ಲಿ ಒತ್ತಿದರೆ ಸಾಕು.

ಊರಿನಲ್ಲಿರುವ ಗೆಳೆಯರು ತಂದುಕೊಡು ಅಂತ ಕೇಳುತ್ತಾರೆ. ಬೆಂಗಳೂರಿಗೆ ಜನವರಿಯಲ್ಲಿ ಒಮ್ಮೆ ಹಾಕಿಕೊಂಡು ಹೋಗಿದ್ದೆ. ಬೆಳಗ್ಗೆ ಆರಕ್ಕೆ ಹಿತ, ಒಂಬತ್ತಕ್ಕೆ ಕೈಯಲ್ಲಿ. ಮಡಿಕೇರಿ, ಚಿಕ್ಕಮಗಳೂರಿನ ಮೇಲಿನ ಎಸ್ಟೇಟಿನಲ್ಲಿ ಇರುವವರಿಗೆ ಚಳಿಗಾಲದಲ್ಲಿ ಉಪಯೋಗ ಇದ್ದೀತು. ಆದರೆ ಮಲೆನಾಡಿನ ಮಳೆಗಾಲದಲ್ಲಿ ಮುಚ್ಚಿದ ಬೀರುವಿನಲ್ಲಿ ಇಟ್ಟರೆ ಬೂಷ್ಟು ಹಿಡಿಯುತ್ತದೆ. ಅಷ್ಟು ದುಡ್ಡು ಹಾಕಬೇಡಿ ಅಂತಲೇ ಎಲ್ಲರಿಗೂ ಹೇಳಿದ್ದೇನೆ. ಬ್ರಿಟನ್ನಿನಲ್ಲಿ ಇರುವವರು ಸೆಕೆಂಡ್‌ಹ್ಯಾಂಡ್ ಅಂಗಡಿಗಳಲ್ಲಿ ಮೊದಲು ಹುಡುಕಿ. ಹಳೆಯದು ಆಗಲೇ ಪಳಗಿರುತ್ತದೆ. ಬೆಳಕಿಗೆ ಎದುರು ಹಿಡಿದು ತೂತು ನೋಡಿ, ಕಂಕುಳ ಹೊಲಿಗೆ ಎಳೆದು ನೋಡಿ, ಭುಜ ಸರಿಯಾಗಿ ಕೂತರೆ ಮಾತ್ರ ತೆಗೆದುಕೊಳ್ಳಿ. ಉಳಿದದ್ದನ್ನೆಲ್ಲ ಟೈಲರ್ ಸರಿ ಮಾಡಬಹುದು, ಭುಜ ಕಷ್ಟ.

ಎಡ ತೋಳಿನ ಅಂಚು ಸವೆದದ್ದು ಮೇಜಿಗೆ ಉಜ್ಜಿ, ನಾನು ಎಡಗೈಯಲ್ಲಿ ಬರೆಯುವವನು. ಹೋದ ವಾರ ಟೈಲರ್ ಹತ್ತಿರ ಒಯ್ದೆ. ಅಂಚನ್ನು ಒಳಗೆ ಮಡಿಸಿ ಹೊಲಿಯಬಹುದು, ಆದರೆ ತೋಳು ಸ್ವಲ್ಪ ಗಿಡ್ಡವಾಗುತ್ತದೆ ಅಂದರು. ಇಲ್ಲವಾದರೆ ತೆಳು ತೊಗಲಿನ ಪಟ್ಟಿ ಕೊಡಬಹುದು. ತೊಗಲು ಅಂದೆ, ಎರಡೂ ತೋಳಿಗೆ. ಬಲ ತೋಳು ಇನ್ನೂ ಚೆನ್ನಾಗಿದೆಯಲ್ಲ ಅಂದರು. ಜೋಡಿಯಾಗಿ ಇರಲಿ ಅಂತ ಹೇಳಿ ಬಂದಿದ್ದೇನೆ. ಶನಿವಾರ ಸಿಗುತ್ತದೆ.