ಡಾಂಬರು, ಬ್ಯುಟೈಲ್, ಅಕ್ರಿಲಿಕ್: ಮೂರೂ ಫ್ಲ್ಯಾಶಿಂಗ್ ಟೇಪ್ ಅಂಟಿಸಿ ನೋಡಿದ ಮೇಲೆ

ಕಿಟಕಿಯ ಅಂಚು, ಮರದ ತೊಲೆ ಇಂಥ ಕಡೆ ನೀರು ಒಳಗೆ ಇಳಿಯದಂತೆ ಅಂಟಿಸುವ ಪಟ್ಟಿಯೇ ಫ್ಲ್ಯಾಶಿಂಗ್ ಟೇಪ್. ಮೊದಲೆಲ್ಲ ಇದನ್ನು ಕೊಳ್ಳುವಾಗ ಯಾವುದು ಗಟ್ಟಿಯಾಗಿ ಅಂಟುತ್ತದೆ ಅಂತ ಮಾತ್ರ ನೋಡುತ್ತಿದ್ದೆ. ಈಗ ಮೊದಲು ನೋಡುವುದು, ಈ ಟೇಪ್ ಅಕ್ಕಪಕ್ಕ ಏನನ್ನು ಮುಟ್ಟುತ್ತದೆ ಅಂತ.

ಇದು ಗೊತ್ತಾಗಿದ್ದು ಒಂದು ಕಿಟಕಿಯಿಂದ. ಚೌಕಟ್ಟಿನ ಸುತ್ತ ಡಾಂಬರಿನ ಟೇಪ್ ಅಂಟಿಸಿ, ಅಂಚಿಗೆ ಕೈಗೆ ಸಿಕ್ಕ ಸೀಲೆಂಟ್ (ಸಂದು ಮುಚ್ಚುವ ಪೇಸ್ಟ್) ಹಾಕಿದ್ದೆ. ಒಂದು ಬೇಸಿಗೆ ಕಳೆದ ಮೇಲೆ ಮೇಲಿನ ಪಟ್ಟಿ ತೆಗೆದು ನೋಡಿದರೆ ಬಿಳಿ ಸೀಲೆಂಟ್ ಕಂದು ಬಣ್ಣಕ್ಕೆ ತಿರುಗಿತ್ತು. ಬೆರಳಿಟ್ಟರೆ ಮೆತ್ತಗೆ ಒಳಗೆ ಹೋಯಿತು, ಎತ್ತಿದರೆ ಜೇನಿನ ಹಾಗೆ ಎಳೆ ಎಳೆಯಾಗಿ ಬಂತು. ಟೇಪೂ ಸರಿಯಿತ್ತು, ಸೀಲೆಂಟೂ ಸರಿಯಿತ್ತು. ಎರಡೂ ಸೇರಿದ್ದೇ ತಪ್ಪಾಗಿತ್ತು. ಡಾಂಬರಿನಲ್ಲಿರುವ ಎಣ್ಣೆ ಪಕ್ಕಕ್ಕೆ ಇಳಿದು ಕೆಲವು ಜಾತಿಯ ಸೀಲೆಂಟನ್ನು ಕರಗಿಸುತ್ತದೆ. ಮೆತ್ತನೆಯ ಪಿವಿಸಿ ಜೊತೆಗಿಟ್ಟರೆ ಪಿವಿಸಿಯನ್ನು ಮೆತ್ತಗಿಡುವ ದ್ರವ ಟೇಪಿನ ಕಡೆ ಹೋಗಿ ಎರಡೂ ಕೆಡುತ್ತವೆ. ಇಪಿಡಿಎಂ ರಬ್ಬರಿಗೂ ಡಾಂಬರಿಗೂ ಆಗಿಬರುವುದಿಲ್ಲ.

ಆಮೇಲೆ ಒಂದು ಹಳೇ ಹಲಗೆಯ ಮೇಲೆ ಮೂರು ಜಾತಿಯ ಟೇಪಿನ ತುಂಡುಗಳನ್ನೂ ಸಾಲಾಗಿ ಅಂಟಿಸಿದೆ: ಡಾಂಬರು, ಬ್ಯುಟೈಲ್ (ಒಂದು ಬಗೆಯ ರಬ್ಬರಿನ ಅಂಟು), ಅಕ್ರಿಲಿಕ್. ಪ್ರತಿಯೊಂದರ ಅಂಚಿಗೂ ನಾನು ಬಳಸಬೇಕೆಂದಿದ್ದ ಸೀಲೆಂಟ್ ಒಂದು ಗೆರೆ, ನಡುವೆ ಒಂದು ಸ್ಕ್ರೂ. ಅರ್ಧ ಹಲಗೆ ಬಿಸಿಲಿಗೆ, ಅರ್ಧ ನೆರಳಿಗೆ. ಎರಡು ತಿಂಗಳು ಹಾಗೇ ಬಿಟ್ಟೆ.

ಡಾಂಬರಿನದು ದಪ್ಪ. ಸ್ಕ್ರೂ ಸುತ್ತ ಚೆನ್ನಾಗಿ ಮುಚ್ಚಿಕೊಳ್ಳುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ 10 ಡಿಗ್ರಿಗಿಂತ ಚಳಿ ಇದ್ದರೆ ಪ್ರೈಮರ್ (ಟೇಪಿಗೆ ಮೊದಲು ಬಳಿಯುವ ಲೇಪ) ಇಲ್ಲದೆ ಸರಿಯಾಗಿ ಹಿಡಿಯುವುದು ಕಷ್ಟ. ಬಿಸಿಲಿನ ಕಡೆಯ ಅರ್ಧದಲ್ಲಿ ಅಂಚಿನಿಂದ ಕಪ್ಪು ರಸ ಇಳಿದಿತ್ತು. ಕಪ್ಪು ಲೋಹದ ಹಾಳೆಯ ಕೆಳಗೆ ಇದನ್ನು ನಾನು ಹಾಕುವುದಿಲ್ಲ.

ಬ್ಯುಟೈಲ್ ನನಗೆ ಇಷ್ಟವಾಗಿದ್ದು ಮೂಲೆಗಳಲ್ಲಿ. ಬಗ್ಗಿಸಿದ ಕಡೆ ಬಗ್ಗುತ್ತದೆ, ಮುಟ್ಟಿದ ಕೂಡಲೇ ಹಿಡಿಯುತ್ತದೆ, ಸ್ಕ್ರೂ ತೂತನ್ನೂ ಮುಚ್ಚುತ್ತದೆ. ನನ್ನ ಸೀಲೆಂಟ್ ಇದರ ಪಕ್ಕದಲ್ಲಿ ಬಣ್ಣ ಬದಲಿಸಲಿಲ್ಲ. ತೊಂದರೆ ಒಂದೇ, ಸ್ಕ್ರೂ ಹಾಕುವಾಗ ಅಂಟು ಎಳೆದುಕೊಂಡು ಬಂದು ಬಿಟ್‌ಗೆ ಮೆತ್ತಿಕೊಳ್ಳುತ್ತದೆ, ಆಗಾಗ ಒರೆಸುತ್ತಿರಬೇಕು.

ಅಕ್ರಿಲಿಕ್ ಮೊದಲ ದಿನ ನಿರಾಸೆ ಮಾಡಿತು. ತೆಳ್ಳಗೆ, ಹಿಡಿತ ಸಾಲದು ಅನಿಸಿತು. ರೋಲರ್‌ನಿಂದ ಒತ್ತಿ ಒಂದು ದಿನ ಬಿಟ್ಟ ಮೇಲೆ ಕೀಳಲು ಹೋದರೆ ಹಲಗೆಯ ನಾರೇ ಎದ್ದು ಬಂತು! ಒತ್ತಡ ಬಿದ್ದಷ್ಟೂ, ಸಮಯ ಕಳೆದಷ್ಟೂ ಇದರ ಹಿಡಿತ ಜಾಸ್ತಿ. ಚಳಿ, ಬಿಸಿ, ಬಿಸಿಲು ಮೂರನ್ನೂ ಉಳಿದೆರಡಕ್ಕಿಂತ ಚೆನ್ನಾಗಿ ತಡೆಯುತ್ತದೆ. ಆದರೆ ಸ್ಕ್ರೂ ಸುತ್ತ ಮುಚ್ಚಿಕೊಳ್ಳುವಷ್ಟು ದಪ್ಪ ಅಂಟು ಇದರಲ್ಲಿಲ್ಲ. ಸುಕ್ಕು ಬಿದ್ದರೆ ಆ ಸುಕ್ಕೇ ನೀರಿಗೆ ದಾರಿ.

ಹಾಗಾಗಿ ನನ್ನ ಆಯ್ಕೆ: ಡೆಕ್ಕಿಗೆ (ಮನೆಯ ಹೊರಗಿನ ಮರದ ಜಗಲಿ) ಬ್ಯುಟೈಲ್, ಕಿಟಕಿಗೆ ಅಕ್ರಿಲಿಕ್. ಡೆಕ್ಕಿನ ತೊಲೆಗೆ ನೂರಾರು ಸ್ಕ್ರೂ ಇಳಿಯುತ್ತವೆ ಅಲ್ವಾ, ಅಲ್ಲಿ ತೂತು ಮುಚ್ಚುವ ಗುಣವೇ ಮುಖ್ಯ. ಇನ್ನೊಂದು ಕಾರಣವೂ ಇದೆ. ಕೊಳೆಯದಂತೆ ತಾಮ್ರದ ಔಷಧ ಹಾಕಿದ ಮರಕ್ಕೆ ಅಲ್ಯೂಮಿನಿಯಂ ನೇರವಾಗಿ ತಾಗಿದರೆ ಅದು ಸವೆದು ಹೋಗುತ್ತದೆ, ನಡುವೆ ಟೇಪ್ ಇದ್ದರೆ ಎರಡೂ ದೂರ ಇರುತ್ತವೆ. ತೊಲೆಯ ಮೇಲ್ಭಾಗಕ್ಕೆ ಮಾತ್ರ ಅಂಟಿಸಿ, ಎರಡೂ ಬದಿಗೆ ಸ್ವಲ್ಪ ಇಳಿಬಿಟ್ಟರೆ ಸಾಕು. ಪೂರ್ತಿ ಸುತ್ತಿದರೆ ಮರ ಒಣಗುವುದಕ್ಕೆ ದಾರಿ ಇರುವುದಿಲ್ಲ. ಔಷಧ ಹಾಕಿದ ಮರ ಎಷ್ಟೋ ಸಲ ಒದ್ದೆಯಾಗಿಯೇ ಬರುತ್ತದೆ, ಒಣಗುವ ತನಕ ಕಾಯಿರಿ.

ಟೇಪಿನ ಮಾಹಿತಿ ಹಾಳೆಯಲ್ಲಿ ಎಎಎಂಎ 711 (ಇಂಥ ಟೇಪಿಗೆ ಅಮೆರಿಕದ ಮಾನದಂಡ) ಅಂತ ಇದ್ದರೆ ಅದರ ಶಾಖದ ಮಟ್ಟವನ್ನೂ, ಅಂದರೆ ಎಷ್ಟು ಬಿಸಿಯಲ್ಲಿ ಪರೀಕ್ಷಿಸಿದ್ದಾರೆ ಅನ್ನುವುದನ್ನೂ ನೋಡಿ: 1 ಅಂದರೆ 50 ಡಿಗ್ರಿ, 2 ಅಂದರೆ 65, 3 ಅಂದರೆ 80. ಸೀಲೆಂಟ್ ಹೊಂದುತ್ತದೆಯೇ ಎಂದು ಅದನ್ನು ತಯಾರಿಸಿದವರನ್ನೂ ಟೇಪ್ ತಯಾರಿಸಿದವರನ್ನೂ ಕೇಳಿ, ಬರಹದಲ್ಲಿ ಉತ್ತರ ಪಡೆಯಿರಿ. ಬ್ಯುಟೈಲ್ ಅಂದ ಮಾತ್ರಕ್ಕೆ ಎಲ್ಲ ಸೀಲೆಂಟಿಗೂ ಸರಿಹೋಗುತ್ತದೆ ಅಂತೇನಿಲ್ಲ.

ಕಿಟಕಿಗೆ ಅಂಟಿಸುವಾಗ ಕೆಳಗಿನದು ಮೊದಲು (ಕಿಟಕಿ ಕೂರಿಸುವ ಮುಂಚೆಯೇ), ಆಮೇಲೆ ಎರಡು ಪಕ್ಕ, ಕೊನೆಗೆ ಮೇಲಿನದು. ಹೆಂಚು ಹೊದಿಸಿದ ಹಾಗೆ ಮೇಲಿನದು ಕೆಳಗಿನದರ ಮೇಲೆ ಬರಬೇಕು. ಕಿಟಕಿ ಕೂರಿಸಿದ ಮೇಲೆ ಅದರ ಕೆಳ ಅಂಚಿನ ಪಟ್ಟಿಯ ಮೇಲೆ ಮಾತ್ರ ಟೇಪ್ ಹಾಕಬೇಡಿ. ಹೇಗೋ ಒಳಗೆ ಬಂದ ನೀರು ಆಚೆ ಹೋಗುವುದು ಅಲ್ಲಿಂದಲೇ.