ಟ್ರೈನರ್ ಆಮೇಲೆ, ಮೊದಲು ಹಿಂದಿನ ಚಕ್ರ ನೋಡಿ

ಮಂಗಳೂರಿನಲ್ಲಿ ಸೈಕಲ್ ಬಿಡುವವರಿಗೆ ಜೂನ್ ಬಂತೆಂದರೆ ಕಷ್ಟ. ಉಳಿದ ತಿಂಗಳು ನಾನು ಬೆಳಿಗ್ಗೆ ಬಿಜೈಯಿಂದ ಹೊರಟು, ಕೂಳೂರು ಸೇತುವೆ ದಾಟಿ, ತಣ್ಣೀರುಬಾವಿಗೆ ಹೋಗಿ ಬರುವವನು. ಮಳೆ ಶುರುವಾದ ಮೇಲೆ ಹೆದ್ದಾರಿಯಲ್ಲಿ ನೀರಿನ ಅಡಿಯಲ್ಲಿ ಹೊಂಡ ಎಲ್ಲುಂಟು ಅಂತ ಗೊತ್ತಾಗುವುದಿಲ್ಲ. ಪಕ್ಕದಲ್ಲಿ ಲಾರಿ ಹೋದರೆ ಕೆಸರಿನ ಅಭ್ಯಂಜನ. ನಾಲ್ಕು ತಿಂಗಳು ಸುಮ್ನೆ ಕೂತರೆ ಹೊಟ್ಟೆ ಕೇಳಬೇಕಲ್ಲ! ಹಾಗಾಗಿ ಹೋದ ವರ್ಷ ಮನೆಯೊಳಗೇ ತುಳಿಯೋಣ ಅಂತ ಆನ್‌ಲೈನಿನಲ್ಲಿ ಒಂದು ಟ್ರೈನರ್ ತರಿಸಿದೆ. 6,500 ರೂಪಾಯಿ.

ನೋಡದವರಿಗೆ ಹೇಳುತ್ತೇನೆ. ಇದು ಹಿಂದಿನ ಚಕ್ರವನ್ನು ನೆಲದಿಂದ ಎತ್ತಿ, ಎರಡೂ ಬದಿಯಿಂದ ಆಕ್ಸಲನ್ನು, ಅಂದರೆ ಚಕ್ರದ ನಡುವಿನ ಅಚ್ಚನ್ನು, ಹಿಡಿದುಕೊಳ್ಳುವ ಕಬ್ಬಿಣದ ಸ್ಟ್ಯಾಂಡ್. ಟಯರಿಗೆ ಒಂದು ರೋಲರ್ ಒತ್ತಿಕೊಂಡಿರುತ್ತದೆ. ರೋಲರಿನ ಪಕ್ಕ ಅಯಸ್ಕಾಂತ. ಹ್ಯಾಂಡಲಿಗೆ ಸಿಕ್ಕಿಸಿದ ಲಿವರ್ ಎಳೆದರೆ ತುಳಿಯುವುದು ಭಾರವಾಗುತ್ತದೆ. '26ರಿಂದ 29 ಇಂಚಿನ ಎಲ್ಲ ಸೈಕಲ್‌ಗೂ ಆಗುತ್ತದೆ' ಅಂತ ಬರೆದಿದ್ದರು. ಚಕ್ರದ ಅಳತೆ ಸುಳ್ಳಲ್ಲ. ಆಕ್ಸಲಿನ ಮಾತೇ ಎಲ್ಲೂ ಇರಲಿಲ್ಲ, ನಾನೂ ಕೇಳಲಿಲ್ಲ.

ಮೊದಲ ಪೆಟ್ಟು ಶಬ್ದದ್ದು. ನನ್ನದು ಗುಬ್ಬಿ ಗುಬ್ಬಿ ಇರುವ ಎಂಟಿಬಿ (ಮೌಂಟನ್ ಬೈಕ್) ಟಯರ್. ಆ ಗುಬ್ಬಿಗಳು ಒಂದೊಂದಾಗಿ ರೋಲರಿಗೆ ಬಡಿಯುವಾಗ ಬರುವ ಗುರ್ರ್ ಶಬ್ದ ಟಿವಿ ಹಾಕಿದರೂ ಅಡಗುವುದಿಲ್ಲ. ಅದರ ಅದುರು ಸ್ಟ್ಯಾಂಡಿನ ಕಾಲಿನಿಂದ ಇಳಿದು ಕೆಳಗಿನ ಮನೆಯ ತಾರಸಿಗೆ ಹೋಗುತ್ತದೆ ಅನ್ನುವುದು ನನಗೆ ಹೊಳೆದೇ ಇರಲಿಲ್ಲ. ಐದನೇ ದಿನ ಕೆಳಗಿನ ಮನೆಯ ಆಂಟಿ ಮೆಟ್ಟಿಲಲ್ಲಿ ಸಿಕ್ಕಿದರು. "ದಿನಾ ಬೆಳಿಗ್ಗೆ ಐದೂವರೆಗೆ ಎಂತ ಕಡೆಯುವುದು ನೀವು? ಗ್ರೈಂಡರ್ ರಿಪೇರಿಗೆ ಬಂದಿದೆ ಕಾಣ್ತದೆ, ಒಮ್ಮೆ ತೋರಿಸಿ." ಸೈಕಲ್ ಅಂತ ಹೇಳಿದರೆ ಅವರು ನಂಬಲೇ ಇಲ್ಲ. ಮೇಲೆ ಬಂದು ನೋಡಿ, "ಇಷ್ಟೆಲ್ಲ ತುಳಿದು ಇಲ್ಲೇ ಇದ್ದೀರಲ್ಲ ಮಾರಾಯ್ರೇ" ಅಂದರು.

ಟೈಲ್ಸ್ ಮೇಲೆ ಕರಿ ಪುಡಿ ಬೇರೆ. ಮಸಿ ಅಂದುಕೊಂಡೆ. ಬೆರಳಲ್ಲಿ ಉಜ್ಜಿ ನೋಡಿದರೆ ರಬ್ಬರ್. ಟಯರ್ ಸವೆಯುತ್ತಿತ್ತು. ಇಂಥ ಟ್ರೈನರಿಗೆ ನುಣುಪು ಟಯರೇ ಬೇಕು. ಅದಕ್ಕೆಂದೇ ಮಾಡಿದ ಗಟ್ಟಿ ಟ್ರೈನರ್ ಟಯರೂ ಸಿಗುತ್ತದೆ, ಆದರೆ ಅದನ್ನು ಹಾಕಿಕೊಂಡು ರಸ್ತೆಗೆ ಇಳಿಯಬೇಡಿ. ಒದ್ದೆ ರಸ್ತೆಯಲ್ಲಿ ಹಿಡಿತ ಸಿಗುವುದಿಲ್ಲ. ಗಾಳಿ ಕಡಿಮೆ ಇದ್ದರೂ, ರೋಲರ್ ಸಡಿಲ ಇದ್ದರೂ ಟಯರ್ ಜಾರಿ ಇನ್ನಷ್ಟು ಸವೆಯುತ್ತದೆ.

ಇದೆಲ್ಲ ಸಹಿಸಬಹುದಿತ್ತು. ಮೂರನೇ ವಾರ ಬಿದ್ದೆ.

ಲಿವರ್ ಪೂರ್ತಿ ಎಳೆದು, ಎದ್ದು ನಿಂತು ಜೋರಾಗಿ ತುಳಿಯುತ್ತಿದ್ದೆ. 'ಟಕ್' ಅಂತ ಒಂದು ಶಬ್ದ. ಬಲಗಡೆಯ ಹಿಡಿತದಿಂದ ನಟ್ ಹಾರಿ ಸೈಕಲ್ ಬಲಕ್ಕೆ ವಾಲಿತು. ಕಾಲು ಊರುವಷ್ಟು ಸಮಯವೇ ಇರಲಿಲ್ಲ, ಟೀಪಾಯಿಯ ಮೂಲೆ ಮೊಣಕೈಗೆ ಬಡಿಯಿತು. ಮೂಳೆಗೆ ಏನೂ ಆಗಲಿಲ್ಲ. ಸೈಕಲಿನ ಹಿಂದಿನ ಡಿರೇಲರ್, ಅಂದರೆ ಗೇರ್ ಬದಲಿಸುವಾಗ ಚೈನನ್ನು ಸರಿಸುವ ಭಾಗ, ಮಾತ್ರ ಒಳಗೆ ಬಾಗಿ ಕಡ್ಡಿಗಳಿಗೆ ತಾಗುತ್ತಿತ್ತು.

ಮೆಕ್ಯಾನಿಕ್ ಹತ್ತಿರ ಒಯ್ದೆ. ಅವರು ಡಿರೇಲರ್ ನೋಡುವ ಮೊದಲು ಆಕ್ಸಲ್ ನೋಡಿದರು. "ಇದು ನಟ್ ಸೈಕಲ್ ಅಲ್ವಾ ಸರ್? ಟ್ರೈನರಿಗೆ ಕ್ವಿಕ್ ರಿಲೀಸ್ ಬೇಕಲ್ಲ."

ಈ ವಿಷಯ ಸ್ವಲ್ಪ ನಿಧಾನಕ್ಕೆ ಹೇಳಬೇಕು. ಕ್ವಿಕ್ ರಿಲೀಸ್ ಇರುವ ಚಕ್ರದಲ್ಲಿ ಆಕ್ಸಲ್ ಟೊಳ್ಳು. ಅದರೊಳಗೆ ಒಂದು ಉದ್ದ ಸರಳು ತೂರಿಸಿ, ಒಂದು ಬದಿಯ ಲಿವರ್ ಮಡಚಿ ಬಿಗಿ ಮಾಡುತ್ತಾರೆ. ಟ್ರೈನರ್ ಜೊತೆ ಬರುವ ಉಕ್ಕಿನ ಸರಳು ಅದರ ಬದಲಿಗೆ ಹಾಕಲು. ಅದರ ತುದಿಗಳು ಸ್ಟ್ಯಾಂಡಿನ ಬಟ್ಟಲಿನಂಥ ಹಿಡಿತಕ್ಕೆ ಸರಿಯಾಗಿ ಕೂರುವ ಹಾಗೆ ಮಾಡಿರುತ್ತಾರೆ. ಕಡಿಮೆ ಬೆಲೆಯ ಗೇರ್ ಸೈಕಲ್‌ಗಳಲ್ಲಿ ಹೆಚ್ಚಾಗಿ ಗಟ್ಟಿ ಆಕ್ಸಲ್, ಎರಡೂ ತುದಿಗೆ ಸ್ಪ್ಯಾನರ್ ಹಾಕುವ ಆರು ಮೂಲೆಯ ನಟ್. ಸರಳು ತೂರಿಸಲು ತೂತೇ ಇಲ್ಲ, ಆ ನಟ್ ಬಟ್ಟಲಲ್ಲಿ ಸರಿಯಾಗಿ ಕೂರುವುದೂ ಇಲ್ಲ. ನನ್ನದೂ ಅಂಥದ್ದೇ. ಪೆಟ್ಟಿಗೆಯಲ್ಲಿ ಆ ಸರಳು ನೋಡಿದಾಗ 'ಇದೆಂತದ್ದೋ ಎಕ್ಸ್‌ಟ್ರಾ' ಅಂತ ಡ್ರಾಯರಿಗೆ ಹಾಕಿದವ ನಾನು. ಗಟ್ಟಿ ಆಕ್ಸಲಿಗೆ ತುದಿ ಉರುಟಾದ ಬೇರೆ ನಟ್ ಬರುತ್ತದೆ, ಆಕ್ಸಲನ್ನೇ ಟೊಳ್ಳಿನದ್ದಕ್ಕೆ ಬದಲಿಸಲೂ ಆಗುತ್ತದೆ. ಹೊಸ ಡಿಸ್ಕ್ ಬ್ರೇಕ್ ಸೈಕಲ್‌ಗಳಲ್ಲಿ ಇರುವ ದಪ್ಪ ಥ್ರೂ ಆಕ್ಸಲ್ ಮೂರನೇ ಜಾತಿ, ಅದಕ್ಕೆ ಬೇರೆಯೇ ಅಡಾಪ್ಟರ್.

ವಾಪಸ್ ಕೊಡಲು ನೋಡಿದೆ. ಮಾರಿದವರು ಫೋಟೋ ಕೇಳಿದರು, ಕಳಿಸಿದೆ. 'ರೋಲರಿನ ಮೇಲೆ ಬಳಸಿದ ಗುರುತುಂಟು, ತಗೊಳ್ಳಲು ಆಗುವುದಿಲ್ಲ' ಅಂತ ಉತ್ತರ. ಬಳಸದೆ ಗೊತ್ತಾಗುವುದಾದರೂ ಹೇಗೆ? ರಟ್ಟಿನ ಪೆಟ್ಟಿಗೆಯನ್ನೂ ನಾನು ಗುಜರಿಗೆ ಹಾಕಿಯಾಗಿತ್ತು.

ಆ ಸಿಟ್ಟಿನಲ್ಲಿ ಡೈರೆಕ್ಟ್ ಡ್ರೈವ್ ಟ್ರೈನರ್ ತಗೊಳ್ಳಲು ಹೊರಟಿದ್ದೆ. ಅದರಲ್ಲಿ ಹಿಂದಿನ ಚಕ್ರ ಬಿಚ್ಚಿಟ್ಟು ಚೈನನ್ನು ನೇರ ಟ್ರೈನರಿನ ಗೇರ್ ಹಲ್ಲಿಗೇ ಹಾಕುವುದು. ಟಯರ್ ಸವೆಯುವುದಿಲ್ಲ, ಶಬ್ದವೂ ಕಡಿಮೆ. ಬೆಲೆ ಮಾತ್ರ ನನ್ನ ಸೈಕಲಿಗಿಂತ ಜಾಸ್ತಿ. ದುಡ್ಡು ಕಟ್ಟುವ ಮೊದಲು ಈ ಸಲ ಅದೇ ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. ನನ್ನ ಹಿಂದಿನ ಚಕ್ರದ ಗೇರ್ ಹಲ್ಲುಗಳ ಗುಚ್ಛ 7 ಗೇರಿನ, ತಿರುಗಿಸಿ ಕೂರಿಸುವ ಫ್ರೀವೀಲ್. ಅದು ಅಲ್ಲಿಗೆ ಕೂರುವುದಿಲ್ಲ, 7 ಗೇರಿನ ಕ್ಯಾಸೆಟ್ (ಜಾರಿಸಿ ಕೂರಿಸುವ ಗುಚ್ಛ) ಬೇರೆ ತಂದು, ಜಾಗ ತುಂಬಲು ಸ್ಪೇಸರ್ ಅನ್ನುವ ಬಳೆ ಹಾಕಬೇಕು ಅಂದರು. ಅಷ್ಟಕ್ಕೆ ಬಿಟ್ಟೆ. ಆ್ಯಪ್ ಜೊತೆ ಸೇರಿ ಕೆಲಸ ಮಾಡುವ ಸ್ಮಾರ್ಟ್ ಮಾದರಿ ನೋಡುವವರು ಕರೆಂಟಿನ ಲೆಕ್ಕವನ್ನೂ ಹಾಕಿ. ಮಳೆಗಾಲದ ನಮ್ಮ ಕರೆಂಟ್ ನಿಮಗೆ ಗೊತ್ತಲ್ಲ, ಅದು ಹೋದರೆ ಆ್ಯಪ್ ಹೇಳಿದಂತೆ ಬಿಗಿಯಾಗುವ ಆಟವೂ ನಿಂತಂತೆ.

ಬೆವರಿನ ಬಗ್ಗೆ ಯಾರೂ ಹೇಳುವುದಿಲ್ಲ. ತುಳಿಯುವಾಗ ಮೈ ಖರ್ಚು ಮಾಡುವ ಶಕ್ತಿಯಲ್ಲಿ ಸುಮಾರು ಕಾಲು ಭಾಗ ಮಾತ್ರ ಪೆಡಲಿಗೆ ಹೋಗುವುದು, ಉಳಿದದ್ದು ಬಿಸಿ. ರಸ್ತೆಯಲ್ಲಿ ಎದುರು ಗಾಳಿ ಅದನ್ನು ಒಯ್ಯುತ್ತದೆ. ನಮ್ಮೂರಿನ ಮುಚ್ಚಿದ ಹಾಲ್‌ನಲ್ಲಿ ಬೆವರು ಆರುವುದೇ ಇಲ್ಲ, ತೊಟ್ಟಿಕ್ಕುತ್ತದೆ. ಸೀಲಿಂಗ್ ಫ್ಯಾನ್ ಸಾಲದು, ಎದುರಿಗೆ ಒಂದು ಪೆಡೆಸ್ಟಲ್ ಫ್ಯಾನ್ ಬೇಕೇ ಬೇಕು. ಹ್ಯಾಂಡಲ್ ಮೇಲೆ ಟವೆಲ್ ಹಾಕದೆ ಇದ್ದುದಕ್ಕೆ ಹ್ಯಾಂಡಲನ್ನು ಹಿಡಿದಿಡುವ ಸ್ಟೆಮ್ಮಿನ ಬೋಲ್ಟ್‌ಗಳು ನಮ್ಮ ತುಳುವರ ಆಟಿ ತಿಂಗಳು ಮುಗಿಯುವಾಗ ಕೆಂಪಗೆ ತುಕ್ಕು ಹಿಡಿದಿದ್ದವು.

ಈಗ ಆ ಟ್ರೈನರನ್ನು ಮಾರಲು ಇಟ್ಟಿದ್ದೇನೆ. ಫೋನ್ ಮಾಡಿದವರಿಗೆ ಬೆಲೆ ಹೇಳುವ ಮೊದಲು, ಹಿಂದಿನ ಚಕ್ರದ ನಡುವಿನ ಫೋಟೋ ಕಳಿಸಿ ಅನ್ನುತ್ತೇನೆ. ಈವರೆಗೆ ಮೂವರು ಕಳಿಸಿದ್ದಾರೆ. ಮೂವರದ್ದೂ ನಟ್ ಸೈಕಲ್. ಹಾಗಾಗಿ ಅದು ಇನ್ನೂ ನಮ್ಮ ಬಾಲ್ಕನಿಯಲ್ಲೇ ಉಂಟು.